ಕ್ಯಾಪ್ಟನ್ ಕ್ರೂಸ್ ಹತ್ತಿದ ಕೊನೆಯ ವಿಮಾನ: ಪೆದ್ರೊ ಇನ್‌ಫಾಂತೆ ಪ್ರಕರಣ

1957ರ ಏಪ್ರಿಲ್ 15, ಸೋಮವಾರ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರ ಆಗಷ್ಟೇ ಶುರುವಾಗಿತ್ತು. ಮೆಕ್ಸಿಕೊದ ಯುಕಾತಾನ್ ಸೀಮೆಯ ಮೆರಿದಾ ಊರಿನಿಂದ ಬೆಳಗ್ಗೆ ಎಂಟಕ್ಕೆ ಮೊದಲು ಒಂದು ಸರಕು ವಿಮಾನ ಮೇಲೆದ್ದಿತು. ಹೋಗಬೇಕಿದ್ದದ್ದು ರಾಜಧಾನಿ ಮೆಕ್ಸಿಕೊ ಸಿಟಿಗೆ. ಕೆಲವೇ ನಿಮಿಷದಲ್ಲಿ ಅದು ಊರಿನ ದಕ್ಷಿಣದ ಬಡಾವಣೆಯ ಮೇಲೆ, 54 ಮತ್ತು 87ನೇ ಬೀದಿಗಳು ಕೂಡುವ ಕಡೆ ಬಿದ್ದು ಹೊತ್ತಿಕೊಂಡಿತು. ವಿಮಾನದಲ್ಲಿದ್ದ ಮೂವರೂ ಸತ್ತರು. ಕೆಳಗೆ ತಮ್ಮ ಪಾಡಿಗೆ ತಾವಿದ್ದ ಜನರೂ ಜೀವ ಕಳೆದುಕೊಂಡರು.

ಮೂವರಲ್ಲಿ ಒಬ್ಬ ಕ್ಯಾಪ್ಟನ್, ಒಬ್ಬ ಮೆಕ್ಯಾನಿಕ್. ಸಹ ಪೈಲಟ್ ಸೀಟಿನಲ್ಲಿದ್ದವನನ್ನು ವಿಮಾನದ ಮಂದಿ ಕರೆಯುತ್ತಿದ್ದದ್ದು 'ಕ್ಯಾಪ್ಟನ್ ಕ್ರೂಸ್' ಅಂತ. ಸುಟ್ಟ ದೇಹದ ಗುರುತು ಹಿಡಿಯಲು ಕೈಯಲ್ಲಿದ್ದ ಚಿನ್ನದ ಬಳೆಯೇ ನೆರವಾಯಿತು. ಆಮೇಲೆ ಸುದ್ದಿ ರೇಡಿಯೊಗೆ ಹೋಯಿತು. ಸತ್ತವನು ಪೆದ್ರೊ ಇನ್‌ಫಾಂತೆ. ವಯಸ್ಸು 39. ಆ ದೇಶದ ಅತಿ ದೊಡ್ಡ ಸಿನಿಮಾ ನಟ, ಮನೆಮನೆಯ ಗಾಯಕ.

ಅಂಥ ನಟ ಪವಿತ್ರ ವಾರದ ಸೋಮವಾರ ಬೆಳಗ್ಗೆ ಸರಕು ವಿಮಾನದ ಕಾಕ್‌ಪಿಟ್‌ನಲ್ಲಿ ಏನು ಮಾಡುತ್ತಿದ್ದ? ಟಿಕೆಟ್ ತಗೊಂಡು ಆರಾಮಾಗಿ ಕೂತು ಹೋಗಬಹುದಿತ್ತು, ಅಲ್ವಾ? ವಿಧಿ, ಶಾಪ, ಪ್ರೇಮ ಅಂತ ಇದಕ್ಕೆ ಬೇಕಾದಷ್ಟು ಉತ್ತರ ಹುಟ್ಟಿಕೊಂಡಿವೆ. ನನಗೆ ಕಾಣುವ ಉತ್ತರ ಅಷ್ಟು ರಂಗಾಗಿಲ್ಲ. 'ಬೇಡ' ಅಂತ ಅವನಿಗೆ ಹೇಳಬಲ್ಲವರು ಸುತ್ತಮುತ್ತ ಯಾರೂ ಉಳಿದಿರಲಿಲ್ಲ. ಹೇಳಿದ್ದು ಒಂದೇ ಒಂದು ಕೋರ್ಟು. ಅದೂ ಬೇರೆ ವಿಷಯಕ್ಕೆ, ಅದೂ ಆರು ದಿನ ಮುಂಚೆ.

ಮರಗೆಲಸದ ಹುಡುಗ

ಪೆದ್ರೊ ಹುಟ್ಟಿದ್ದು 1917ರ ನವೆಂಬರ್ 18ರಂದು, ಪೆಸಿಫಿಕ್ ದಡದ ಮಾಸಾತ್ಲಾನ್‌ನಲ್ಲಿ. ಬೆಳೆದದ್ದು ಅದೇ ಸಿನಲೋವಾ ರಾಜ್ಯದ ಗ್ವಾಮೂಚಿಲ್ ಅನ್ನುವ ಸಣ್ಣ ಊರಿನಲ್ಲಿ. ಆಮೇಲೆ 'ಗ್ವಾಮೂಚಿಲ್‌ನ ಆರಾಧ್ಯ' ಅಂತಲೇ ಹೆಸರಾದ. ಅಪ್ಪ ವಾದ್ಯದವನು, ಮನೆ ತುಂಬ ಮಕ್ಕಳು. ಓದು ಬೇಗ ನಿಂತಿತು. ಮೊದಲು ಒಂದು ಅಂಗಡಿಯಲ್ಲಿ ಓಡಾಟದ ಕೆಲಸ, ಆಮೇಲೆ ಬಡಗಿಯ ಕೈಕೆಳಗೆ ಮರಗೆಲಸ. ತನ್ನ ಗಿಟಾರನ್ನು ತಾನೇ ಮಾಡಿಕೊಂಡ ಅನ್ನುವುದು ಅವನ ಬಗ್ಗೆ ಎಲ್ಲರೂ ಹೇಳುವ ಮಾತು.

ಈ ಮರಗೆಲಸವನ್ನು ಸುಮ್ನೆ ಹೇಳುತ್ತಿಲ್ಲ. ಕೈಯಲ್ಲಿ ಒಂದು ಕಸುಬು ಇಲ್ಲದೆ ಅವನಿಗೆ ಇರಲು ಆಗುತ್ತಿರಲಿಲ್ಲ. ಮೊದಲು ಉಳಿ, ಆಮೇಲೆ ವಾದ್ಯ, ಆಮೇಲೆ ಮೋಟರ್ ಸೈಕಲ್, ಕೊನೆಗೆ ವಿಮಾನ.

ಕುಲಿಯಾಕಾನ್‌ನಲ್ಲಿ ವಾದ್ಯಗೋಷ್ಠಿಯ ಜೊತೆ ಹಾಡುತ್ತಿದ್ದಾಗ ಮರಿಯಾ ಲೂಯಿಸಾ ಲೆಯೋನ್ ಪರಿಚಯವಾದಳು. ಅವನಿಗಿಂತ ದೊಡ್ಡವಳು, ಕೈಯಲ್ಲಿ ಸ್ವಲ್ಪ ಕಾಸಿದ್ದವಳು. ಇಲ್ಲೇ ಇದ್ದರೆ ಏನೂ ಆಗಲ್ಲ, ರಾಜಧಾನಿಗೆ ನಡಿ ಅಂತ ಹುರಿದುಂಬಿಸಿದವಳು ಅವಳೇ. 1939ರಲ್ಲಿ ಮದುವೆಯಾದರು. ಮೆಕ್ಸಿಕೊ ಸಿಟಿಯ ಎಕ್ಸ್‌ಇಬಿ ರೇಡಿಯೊದಲ್ಲಿ ಹಾಡಲು ಅವಕಾಶ ಸಿಕ್ಕಿತು. 1943ರಲ್ಲಿ ಪೀರ್‌ಲೆಸ್ ಕಂಪನಿ ಮೊದಲ ರೆಕಾರ್ಡ್ ತಂದಿತು. ಮುಂದೆ ಆ ಲೆಕ್ಕ 300 ಹಾಡು ದಾಟಿತು, ಸಿನಿಮಾ ಸುಮಾರು 60.

ಕಾಲವೂ ಕೂಡಿ ಬಂದಿತ್ತು. ಎರಡನೇ ಮಹಾಯುದ್ಧದಲ್ಲಿ ಅಮೆರಿಕ ಕಚ್ಚಾ ಫಿಲ್ಮನ್ನು ಅರ್ಜೆಂಟಿನಾಗೆ ಕಡಿಮೆ ಮಾಡಿ, ತನ್ನ ಕಡೆ ನಿಂತ ಮೆಕ್ಸಿಕೊಗೆ ಧಾರಾಳವಾಗಿ ಕೊಟ್ಟಿತು. ಸ್ಪ್ಯಾನಿಷ್ ಮಾತಾಡುವ ಅಷ್ಟೂ ದೇಶಗಳಿಗೆ ಮೆಕ್ಸಿಕೊದಿಂದಲೇ ಸಿನಿಮಾ ಹೋಗತೊಡಗಿತು. ಅಲ್ಲಿಯವರು ಇದನ್ನು ತಮ್ಮ ಸಿನಿಮಾದ ಚಿನ್ನದ ಯುಗ ಅನ್ನುತ್ತಾರೆ. ಅಲ್ಲಿ ನಮ್ಮ ಹಾಗೆ ತೆರೆಯ ಮೇಲೆ ಒಬ್ಬ, ಮೈಕಿನ ಮುಂದೆ ಇನ್ನೊಬ್ಬ ಅನ್ನುವುದು ರೂಢಿಯಲ್ಲಿರಲಿಲ್ಲ. ಹಾಡು ಬಲ್ಲವನೇ ಹೀರೊ. ಬೆಳಗ್ಗೆ ರೇಡಿಯೊದಲ್ಲಿ ಕೇಳಿದ ದನಿಯ ಮುಖವನ್ನು ಸಂಜೆ ಟಾಕೀಸಿನಲ್ಲಿ ನೋಡಬಹುದಿತ್ತು.

ಆಗಿನ ದೊಡ್ಡ ಹೆಸರು ಹೋರ್ಹೆ ನೆಗ್ರೆತೆ. ಒಪೆರಾ ಕಲಿತ ಗಂಟಲು, ಮಿಲಿಟರಿ ಕಾಲೇಜಿನ ಠೀವಿ, ಕುದುರೆ ಮೇಲೆ ಬಂದರೆ ಜಮೀನ್ದಾರ. ಪೆದ್ರೊ ಇದರ ಉಲ್ಟಾ. ಗಂಟಲು ದೊಡ್ಡದಲ್ಲ. ಆದರೆ ಪಕ್ಕದ ಮನೆಯವನು ಬೇಲಿ ಆಚೆಯಿಂದ ನಮಗೇ ಹಾಡಿದ ಹಾಗೆ. ಮರಿಯಾಚಿ ಅಂದರೆ ಪಿಟೀಲು, ಕಹಳೆ, ದಪ್ಪ ಹೊಟ್ಟೆಯ ಗಿಟಾರು ಸೇರಿದ ಮೇಳ. ಅದರ ಹಾಡು ರಾಂಚೆರಾ, ಎದೆ ತಟ್ಟಿ ಕೂಗಿ ಹಾಡುವಂಥದ್ದು. ಬೊಲೆರೊ ಇದಕ್ಕೆ ಬೇರೆ, ಪಿಸುಗುಡುವ ಪ್ರೇಮಗೀತೆ. ಎರಡನ್ನೂ ಬೆರೆಸಿದ ಬೊಲೆರೊ ರಾಂಚೆರೊ ಪೆದ್ರೊನ ಗಂಟಲಲ್ಲಿ ಊರೂರಿಗೂ ಹೋಯಿತು. ಆ ಧಾಟಿಯ ಮೊದಲ ಹಾಡುಗಳಲ್ಲಿ ಒಂದು, ಮನುವೆಲ್ ಎಸ್ಪೆರೊನ್ ರಾಗ ಹಾಕಿದ 'ಅಮೊರ್ಸಿತೊ ಕೊರಾಸೊನ್'.

ಆ ಹಾಡು ಬರುವುದು 1948ರ 'ನೊಸೊತ್ರೊಸ್ ಲೊಸ್ ಪೊಬ್ರೆಸ್' ಅಂದರೆ 'ನಾವು ಬಡವರು' ಚಿತ್ರದಲ್ಲಿ. ನಿರ್ದೇಶಕ ಇಸ್ಮಾಯೆಲ್ ರೊಡ್ರಿಗೆಸ್. ಪೆದ್ರೊ ಇಲ್ಲಿ ವಠಾರದ ಬಡಗಿ, ಪೆಪೆ ಎಲ್ ತೊರೊ. ಕಲಿತ ಕಸುಬೇ ಪಾತ್ರಕ್ಕೆ ಬಂತು. ಪೆಪೆ ಒಂದು ಕಡೆಯಿಂದ ಹಾಡುತ್ತ ಸಿಳ್ಳೆ ಹಾಕುತ್ತಾನೆ. ಅವನ ಹುಡುಗಿ ಇನ್ನೊಂದು ಕಡೆಯಿಂದ ಸಿಳ್ಳೆಯಲ್ಲೇ ಉತ್ತರ ಕೊಡುತ್ತಾಳೆ. ಇಬ್ಬರೂ ಹತ್ತಿರ ಬರುವುದಿಲ್ಲ, ಸಿಳ್ಳೆ ಮಾತ್ರ ಹೋಗಿ ಬಂದು ಮಾಡುತ್ತದೆ. ಚಿತ್ರ ಕಣ್ಣೀರಿನ ಕೋಡಿ, ಕೆಲವು ಕಡೆ ತಡೆಯಲಾರದಷ್ಟು ಅತಿ. ಈ ಸಿಳ್ಳೆಯ ಒಂದೆರಡು ನಿಮಿಷಕ್ಕೆ ಮಾತ್ರ ಇಂದಿಗೂ ತುಕ್ಕು ಹಿಡಿದಿಲ್ಲ.

ಅದೇ ವರ್ಷ ಬಂದ ಮುಂದಿನ ಭಾಗದಲ್ಲಿ ಪೆಪೆಯ ಪುಟ್ಟ ಮಗ ಬೆಂಕಿಯಲ್ಲಿ ಸಾಯುತ್ತಾನೆ. ಸುಟ್ಟ ಮಗುವನ್ನು ತಬ್ಬಿಕೊಂಡು ಪೆದ್ರೊ ಅಳುತ್ತಾನೆ, ಅಳು ನಗುವಾಗುತ್ತದೆ, ನಗು ಹುಚ್ಚಾಗುತ್ತದೆ. ಮೆಕ್ಸಿಕೊದವರಿಗೆ ಬಾಯಿಪಾಠವಾದ ದೃಶ್ಯ ಇದು. ಇವನನ್ನು ಬರೀ ಚೆಲುವ ಅಂದುಕೊಂಡವರ ಬಾಯಿ ಅಲ್ಲಿಗೆ ಮುಚ್ಚಿತು.

ಗಲ್ಲದ ಗಾಯ, ತಲೆಯ ತಗಡು

ಕೈಗೆ ದುಡ್ಡು ಬಂದದ್ದೇ ಪೆದ್ರೊ ವಿಮಾನ ಹಾರಿಸಲು ಕಲಿತ. ಆಗಿನ ಮೆಕ್ಸಿಕೊದಲ್ಲಿ ಇದು ಶೋಕಿಯೂ ಹೌದು, ಅನುಕೂಲವೂ ಹೌದು. ಬೆಟ್ಟಗುಡ್ಡದ ದೇಶ, ರಸ್ತೆ ಸರಿ ಇಲ್ಲ, ಇವತ್ತು ಒಂದೂರಲ್ಲಿ ಕಾರ್ಯಕ್ರಮ, ನಾಳೆ ಇನ್ನೊಂದೂರಲ್ಲಿ ಶೂಟಿಂಗ್.

ಮೊದಲ ಅಪಘಾತ 1947ರಲ್ಲಿ, ಸಿನಲೋವಾದ ಗ್ವಾಸಾವೆಯಲ್ಲಿ. ಮೇಲೇರುವಾಗ ವಿಮಾನ ಹಿಡಿತಕ್ಕೆ ಸಿಗಲಿಲ್ಲ. ಗಲ್ಲದ ಮೇಲೆ ಗಾಯದ ಗುರುತು ಉಳಿಯಿತು.

ಎರಡನೆಯದು ದೊಡ್ಡದು. 1949ರ ಮೇ ತಿಂಗಳು. ಅಕಪುಲ್ಕೊದಿಂದ ರಾಜಧಾನಿಗೆ ಬರುತ್ತಿದ್ದಾಗ ದಾರಿ ತಪ್ಪಿ, ಮಿಚೊವಾಕಾನ್‌ನ ಸಿತಾಕ್ವಾರೊ ಹತ್ತಿರ ಬಿದ್ದರು. ಜೊತೆಗಿದ್ದವಳು ನರ್ತಕಿ ಲುಪಿತಾ ತೊರೆಂತೇರಾ. ಅವಳು ಹೇಗೋ ಪಾರಾದಳು. ಪೆದ್ರೊನ ತಲೆಬುರುಡೆ ಒಡೆದಿತ್ತು. ಮೂಳೆ ಹೋದ ಕಡೆ ಲೋಹದ ತಗಡು ಕೂರಿಸಿದರು.

ಅದೇ ವರ್ಷ ಸೆಪ್ಟೆಂಬರ್ 26ರಂದು ಪೊಪೊಕತೆಪೆತ್ಲ್ ಜ್ವಾಲಾಮುಖಿಗೆ ಪ್ರಯಾಣಿಕರ ವಿಮಾನವೊಂದು ಅಪ್ಪಳಿಸಿತು. ಅದರಲ್ಲಿ ಬ್ಲಾಂಕಾ ಎಸ್ತೆಲಾ ಪಾವೊನ್ ಇದ್ದಳು. ಸಿಳ್ಳೆಗೆ ಸಿಳ್ಳೆ ಕೊಟ್ಟ ಹುಡುಗಿ ಅವಳೇ. ವಯಸ್ಸು 23. ತೆರೆಯ ಮೇಲೆ ಪೆದ್ರೊಗೆ ಅವಳಷ್ಟು ಒಪ್ಪುವ ಜೋಡಿ ಮತ್ತೆ ಸಿಗಲಿಲ್ಲ.

ಇಷ್ಟಾದ ಮೇಲೆ ಸಾಮಾನ್ಯ ಮನುಷ್ಯ ವಿಮಾನ ಕಂಡರೆ ಕೈಮುಗಿದು ದೂರ ನಿಲ್ಲುತ್ತಾನೆ. ಇವನು ಇನ್ನಷ್ಟು ಹಾರಿಸಿದ. ತಾಯಿಯ ಕಡೆಯ ಹೆಸರು ಕ್ರೂಸ್. ಸ್ಪ್ಯಾನಿಷ್ ಪದ್ಧತಿಯಲ್ಲಿ ಅಪ್ಪನ ಹೆಸರಿನ ಮುಂದೆ ಅಮ್ಮನದೂ ಬರುತ್ತದೆ, ಹಾಗಾಗಿ ಪೂರ್ತಿ ಹೆಸರು ಪೆದ್ರೊ ಇನ್‌ಫಾಂತೆ ಕ್ರೂಸ್. ಎಲ್ಲರಿಗೂ ಗೊತ್ತಿರುವ ಇನ್‌ಫಾಂತೆಯನ್ನು ಕೆಳಗೇ ಬಿಟ್ಟು, ಮೇಲೆ ಅವನು ಕ್ಯಾಪ್ಟನ್ ಕ್ರೂಸ್ ಆದ. ಸಾಯುವ ಹೊತ್ತಿಗೆ ಹಾರಾಟದ ಲೆಕ್ಕ ಹತ್ತಿರ ಹತ್ತಿರ 3000 ಗಂಟೆ. ವಾರಾಂತ್ಯದ ಮೋಜಿಗೆ ಹಾರಿಸುವವನಿಗೆ ಇಷ್ಟು ಗಂಟೆ ಆಗುವುದಿಲ್ಲ. ಇದು ಕೆಲಸ ಮಾಡುವವನ ಲೆಕ್ಕ.

ಮೆಕ್ಸಿಕೊ ಸಿಟಿಯ ಟ್ರಾಫಿಕ್ ಪೊಲೀಸರ ಮೋಟರ್ ಸೈಕಲ್ ಪಡೆಯ ಮೇಲೆ 1951ರಲ್ಲಿ ಬಂದ 'ಆ ತೊದಾ ಮಾಕಿನಾ' ಚಿತ್ರದಲ್ಲೂ ಇದೇ ಕಾಣುತ್ತದೆ. ಬೈಕಿನ ಮೇಲೆ ಪೆದ್ರೊ ಎಷ್ಟು ಸಲೀಸಾಗಿ ಕೂರುತ್ತಾನೆ ಅಂದರೆ, ಇವನಿಗೆ ಇದು ಹೊಸದಲ್ಲ ಅಂತ ತಕ್ಷಣ ಗೊತ್ತಾಗುತ್ತದೆ. ಜನಕ್ಕೆ ಅವನು ಇಷ್ಟವಾದದ್ದೂ ಇದಕ್ಕೇ ಇರಬೇಕು. ಮರ ಕೆತ್ತಿದರೆ ಬಡಗಿಯ ಹಾಗೇ ಕೆತ್ತುತ್ತಾನೆ, ಬೈಕ್ ಹತ್ತಿದರೆ ಪೊಲೀಸನ ಹಾಗೇ ಹತ್ತುತ್ತಾನೆ. ತೊಂದರೆ ಏನೆಂದರೆ, ಅಷ್ಟು ಚೆನ್ನಾಗಿ ಮಾಡುವವನಿಗೆ ನಿಲ್ಲಿಸು ಅನ್ನುವುದು ಯಾರಿಗಾದರೂ ಕಷ್ಟವೇ.

ಮೂರು ಮನೆ, ಒಂದು ತೀರ್ಪು

ಇನ್ನು ಕೋರ್ಟಿನ ಕಥೆ. ಇಲ್ಲಿ ಪೆದ್ರೊ ಅಷ್ಟೇನೂ ಚೆನ್ನಾಗಿ ಕಾಣುವುದಿಲ್ಲ.

ಮರಿಯಾ ಲೂಯಿಸಾ ಮನೆಯಲ್ಲಿದ್ದಾಗಲೇ ಲುಪಿತಾ ತೊರೆಂತೇರಾ ಜೊತೆ ಸಂಸಾರ ಶುರುವಾಯಿತು. ಲುಪಿತಾ ತಾಯಿಯಾದಾಗ ಇನ್ನೂ ಹದಿಹರೆಯ ದಾಟಿರಲಿಲ್ಲ. ಮೊದಲ ಮಗು ಪೋಲಿಯೊದಿಂದ ತೀರಿಕೊಂಡಿತು, ಇನ್ನಿಬ್ಬರು ಮಕ್ಕಳು ಬದುಕಿದರು. ಆಮೇಲೆ ಮೆರಿದಾದಲ್ಲಿ ಹುಟ್ಟಿದ ನಟಿ ಇರ್ಮಾ ದೊರಾಂತೆಸ್. 1953ರ ಮಾರ್ಚ್ 10ರಂದು ಅದೇ ಮೆರಿದಾದಲ್ಲಿ ಇರ್ಮಾಳನ್ನು ಕಾನೂನು ಪ್ರಕಾರ ಮದುವೆಯಾದ. ಅವಳಿಗೆ 18, ಅವನಿಗೆ 35. ಎರಡು ವರ್ಷಕ್ಕೆ ಮಗಳು ಹುಟ್ಟಿದಳು. 'ಜನಮನದ ನಾಯಕ' ಅಂತ ಬರೆಯುವವರು ಈ ವಯಸ್ಸಿನ ಲೆಕ್ಕವನ್ನು ಬೇಗ ದಾಟಿ ಹೋಗುತ್ತಾರೆ. ನನಗೆ ಅದು ಸರಿ ಅನ್ನಿಸುವುದಿಲ್ಲ.

ಮರಿಯಾ ಲೂಯಿಸಾ ಸುಮ್ಮನಿರಲಿಲ್ಲ. ಪೆದ್ರೊ ತೋರಿಸಿದ ವಿಚ್ಛೇದನದ ಕಾಗದಕ್ಕೆ ತಾನು ಒಪ್ಪಿಗೆ ಕೊಟ್ಟೇ ಇಲ್ಲ ಅಂತ ಕೋರ್ಟಿಗೆ ಹೋದಳು. ವಿಚ್ಛೇದನ ಬಿದ್ದರೆ ಎರಡನೇ ಮದುವೆಯೂ ಬೀಳುತ್ತದೆ. ಮೊಕದ್ದಮೆ ವರ್ಷಗಟ್ಟಲೆ ಎಳೆಯಿತು. ಅವಳು ಕೇಳಿದ್ದು ತನ್ನ ಹೆಸರಿನ ಮುಂದಿದ್ದ ಹೆಂಡತಿ ಅನ್ನುವ ಪಟ್ಟ. ಗುರುತಿಲ್ಲದ ಹುಡುಗನನ್ನು ರಾಜಧಾನಿಗೆ ಕರೆತಂದವಳು ಅವಳು. ಪತ್ರಿಕೆಗಳಲ್ಲಿ ಅವಳನ್ನು ಬಿಡದ ಹೆಂಡತಿಯ ಹಾಗೆ ಬಿಂಬಿಸಿದ್ದೇ ಜಾಸ್ತಿ.

1957ರ ಏಪ್ರಿಲ್ 9ರಂದು ಮೆಕ್ಸಿಕೊದ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಇರ್ಮಾ ಜೊತೆಗಿನ ಮದುವೆ ಊರ್ಜಿತವಲ್ಲ. ದೇಶಕ್ಕೆ ದೇಶವೇ ತಲೆ ಮೇಲೆ ಹೊತ್ತುಕೊಂಡಿದ್ದ ಮನುಷ್ಯನಿಗೆ ಒಂದು ಕಚೇರಿ 'ಇದು ನಡೆಯಲ್ಲ' ಅಂತ ಬರೆದು ಕೊಟ್ಟಿತ್ತು.

ಪೆದ್ರೊ ಆಗ ಮೆರಿದಾದಲ್ಲಿದ್ದ. ಅಲ್ಲಿ ಅವನಿಗೆ ಮನೆ ಇತ್ತು, ಬಿಡುವಾದಾಗ ಬಂದಿರುತ್ತಿದ್ದ. ಇರ್ಮಾ ಮತ್ತು ಎರಡು ವರ್ಷದ ಮಗಳು ಇದ್ದದ್ದು ರಾಜಧಾನಿಯಲ್ಲಿ. ಆದಷ್ಟು ಬೇಗ ಅಲ್ಲಿಗೆ ಹೋಗಬೇಕಿತ್ತು. ಸೋಮವಾರ ಬೆಳಗ್ಗೆ ಹೊರಡುವ ಒಂದು ವಿಮಾನವಿತ್ತು. ಅದು ಅವನದೇ ಕಂಪನಿಯದು.

ಲಿಬರೇಟರ್

ಕಂಪನಿಯ ಹೆಸರು ತಾಮ್ಸಾ. ಯುಕಾತಾನ್ ಮತ್ತು ರಾಜಧಾನಿ ನಡುವೆ ಸರಕು ಸಾಗಿಸುತ್ತಿತ್ತು. ಅದರಲ್ಲಿ ಪೆದ್ರೊನ ಪಾಲಿತ್ತು. ಸಿನಿಮಾ ದುಡ್ಡನ್ನು ಅವನು ಹೂಡಿದ್ದು ಇಂಥ ಕಡೆಗೇ.

ವಿಮಾನದ ನೋಂದಣಿ ಎಕ್ಸ್‌ಎ-ಕೆಯುಎನ್. ಇದೊಂದು ಲಿಬರೇಟರ್. ಎರಡನೇ ಮಹಾಯುದ್ಧದಲ್ಲಿ ಅಮೆರಿಕ 18,000ಕ್ಕೂ ಹೆಚ್ಚು ತಯಾರಿಸಿದ ನಾಲ್ಕು ಎಂಜಿನ್ ಬಾಂಬರ್. ಯುದ್ಧ ಮುಗಿದ ಮೇಲೆ ಇವು ಗುಜರಿಗೂ ಹೋದವು, ಅಗ್ಗಕ್ಕೂ ಹೋದವು. ಬಾಂಬ್ ಇಡುವ ಜಾಗದಲ್ಲಿ ಮೂಟೆ ತುಂಬಿದರೆ ಸರಕು ವಿಮಾನ ರೆಡಿ.

ಇಲ್ಲಿ ಸ್ವಲ್ಪ ದಾರಿ ಬಿಟ್ಟು ಹೋಗುತ್ತೇನೆ. ಈ ಲಿಬರೇಟರ್ ನಮ್ಮೂರಿಗೂ ಹೊಸದಲ್ಲ. ಯುದ್ಧ ಮುಗಿದಾಗ ಕಾನ್ಪುರದಲ್ಲಿ ಹಾಳುಗೆಡವಿ ಬಿಟ್ಟು ಹೋಗಿದ್ದ ಹತ್ತಾರು ಲಿಬರೇಟರ್‌ಗಳನ್ನು ಎಚ್‌ಎಎಲ್‌ನವರು ಹಾರುವಷ್ಟು ಸರಿ ಮಾಡಿ ಬೆಂಗಳೂರಿಗೆ ತಂದರು. ಇಲ್ಲಿ ಪೂರ್ತಿ ರಿಪೇರಿಯಾಗಿ ಅವು ನಮ್ಮ ವಾಯುಪಡೆಗೆ ಸೇರಿದವು, 1968ರವರೆಗೆ ದುಡಿದವು. ಗುಜರಿ ಅಂದುಕೊಂಡದ್ದನ್ನು ಹಾರಿಸಬಹುದು, ಸುಳ್ಳಲ್ಲ. ಆದರೆ ಅದರ ಹಿಂದೆ ಒಂದು ಕಾರ್ಖಾನೆ, ಒಂದು ಸೈನ್ಯ ಇರಬೇಕಾಗುತ್ತದೆ.

ಲಿಬರೇಟರ್‌ನ ರೆಕ್ಕೆ ಉದ್ದ, ಅಗಲ ಕಡಿಮೆ. ಮೇಲೇರಿ ವೇಗ ಹಿಡಿದ ಮೇಲೆ ಅದು ಚೆನ್ನ, ದೂರ ಹೋಗುತ್ತದೆ. ಭಾರ ಹೊತ್ತು ನೆಲ ಬಿಡುವ ಹೊತ್ತಿನಲ್ಲೇ ಅದರ ಕಷ್ಟ. ವೇಗ ಇನ್ನೂ ಸಾಲದು, ಎತ್ತರವೂ ಇಲ್ಲ. ಆಗ ಏನಾದರೂ ಎಡವಟ್ಟಾದರೆ ಸರಿಪಡಿಸಿಕೊಳ್ಳಲು ಪೈಲಟ್‌ಗೆ ಸಮಯವೇ ಸಿಗುವುದಿಲ್ಲ. ಹಾರಿಸಲು ತೋಳಿನ ಬಲ ಬೇಕಾದ ವಿಮಾನ ಅಂತ ಯುದ್ಧಕಾಲದ ಪೈಲಟ್‌ಗಳೇ ಗೊಣಗುತ್ತಿದ್ದರು. ಮೆರಿದಾದಲ್ಲಿ ಬಿದ್ದದ್ದೂ ಮೇಲೆದ್ದ ಕೆಲವೇ ನಿಮಿಷಕ್ಕೆ. ಹೊಟ್ಟೆ ತುಂಬ ಸರಕು, ಟ್ಯಾಂಕಿನಲ್ಲಿ ರಾಜಧಾನಿವರೆಗಿನ ಇಂಧನ, ಕೆಳಗೆ ಮನೆಗಳು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಆ ಸೀಟಿಗೆ ಅವನು ಹೇಗೆ ಬಂದ? ಗಂಟೆಗಳ ಲೆಕ್ಕ ಇತ್ತು. ಕಂಪನಿಯಲ್ಲಿ ಪಾಲು ಇತ್ತು. ಅವಸರ ಇತ್ತು. ತಲೆಯಲ್ಲಿ ತಗಡಿದ್ದವನು, ಎರಡು ಸಲ ಬಿದ್ದವನು, ಆರು ದಿನದ ಹಿಂದೆ ತೀರ್ಪು ಕೇಳಿ ನಿದ್ದೆಗೆಟ್ಟಿರಬಹುದಾದವನು. ಇವತ್ತು ಇವನು ಹಾರಿಸುವುದು ಬೇಡ ಅಂತ ಆ ಬೆಳಗ್ಗೆ ಯಾರು ಹೇಳಬೇಕಿತ್ತು? ಪೈಲಟ್ ಕಂಪನಿಯ ನೌಕರ, ಪಕ್ಕದಲ್ಲಿ ಕೂತವನು ಪಾಲುದಾರ. ಮೇಲಾಗಿ ಪೆದ್ರೊ ಇನ್‌ಫಾಂತೆ! ಅವನು ಬೈಯುವವನಲ್ಲ, ದರ್ಪ ತೋರಿಸುವವನಲ್ಲ. ಮೆಕ್ಯಾನಿಕ್‌ಗಳ ಜೊತೆ ಕೂತು ಉಣ್ಣುವ ಪೈಕಿ. ಜಂಬದ ಸ್ಟಾರ್‌ಗೆ ಬೇಡ ಅನ್ನಲು ಭಯ ಆಗುತ್ತದೆ. ಇಂಥವನಿಗೆ ಬೇಡ ಅನ್ನಲು ಮನಸ್ಸೇ ಬರುವುದಿಲ್ಲ.

ತಪ್ಪು ಅವನ ಕೈಯಿಂದಾಯಿತು ಅಂತ ನಾನು ಹೇಳುತ್ತಿಲ್ಲ. ವಿಮಾನದ ಮುಖ್ಯ ಪೈಲಟ್ ಅವನಲ್ಲ. ಅವನು ಆ ಸೀಟಿನಲ್ಲಿ ಇರದಿದ್ದರೂ ವಿಮಾನ ಬೀಳುತ್ತಿತ್ತೋ ಏನೋ. ಆಗ ಅದು ಮೆರಿದಾ ಊರಿನ ದುಃಖವಾಗಿ ಉಳಿಯುತ್ತಿತ್ತು, ಅಷ್ಟೇ.

ಮುಚ್ಚಿದ ಪೆಟ್ಟಿಗೆ

ದೇಹವನ್ನು ರಾಜಧಾನಿಗೆ ತಂದು ನಟರ ಸಂಘದ ರಂಗಮಂದಿರದಲ್ಲಿ ದರ್ಶನಕ್ಕಿಟ್ಟರು. ಮಂದಿರದ ಹೆಸರು ಹೋರ್ಹೆ ನೆಗ್ರೆತೆ. ಇಬ್ಬರೂ ಒಟ್ಟಿಗೆ ನಟಿಸಿದ್ದು ಒಂದೇ ಸಲ, 'ದೊಸ್ ತಿಪೊಸ್ ದೆ ಕ್ವಿದಾದೊ' ಚಿತ್ರದಲ್ಲಿ. ಪಾರ್ಟಿಯೊಂದರಲ್ಲಿ ಇಬ್ಬರೂ ಎದುರುಬದುರು ನಿಂತು ಪದ್ಯದಲ್ಲೇ ಒಬ್ಬರನ್ನೊಬ್ಬರು ಚುಚ್ಚುವ ದೃಶ್ಯ ಅದರಲ್ಲಿದೆ. ಸವಾಲಿಗೆ ಸವಾಲು, ನಮ್ಮ ಲಾವಣಿಯವರ ಜಿದ್ದಿನ ಹಾಗೆ. 1953ರ ನವೆಂಬರ್‌ನಲ್ಲಿ ಚಿತ್ರ ಬಂತು, ಡಿಸೆಂಬರ್ 5ಕ್ಕೆ ನೆಗ್ರೆತೆ ಲಾಸ್ ಏಂಜಲೀಸ್‌ನಲ್ಲಿ ತೀರಿಕೊಂಡ. ಅವನಿಗೆ 42.

ಪೆದ್ರೊನ ಪೆಟ್ಟಿಗೆ ಮುಚ್ಚಿಯೇ ಇತ್ತು. ಒಳಗಿದ್ದ ಸ್ಥಿತಿಯಲ್ಲಿ ತೆರೆಯುವ ಹಾಗಿರಲಿಲ್ಲ. ಮುಂದಿನ ಎಷ್ಟೋ ವರ್ಷದ ಗಾಳಿಸುದ್ದಿಗೆ ಬೀಜ ಬಿದ್ದದ್ದು ಅಲ್ಲೇ. ಮುಖ ನೋಡದೆ ಕಳಿಸಿಕೊಟ್ಟವನು ಸತ್ತಿದ್ದಾನೆ ಅಂತ ನಂಬುವುದು ಹೇಗೆ? ಮುಖ ಸುಟ್ಟುಕೊಂಡು ಎಲ್ಲೋ ಅಡಗಿದ್ದಾನೆ ಅಂದರು ಕೆಲವರು. ಎಷ್ಟೋ ವರ್ಷದ ಮೇಲೆ ಅವನ ದನಿಯನ್ನೇ ಹೋಲುವ ಮುದುಕನೊಬ್ಬ ಹಾಡತೊಡಗಿದಾಗ, ಇವನೇ ಅವನು ಅಂತ ನಂಬಿದವರೂ ಇದ್ದರು.

ಏಪ್ರಿಲ್ 17ರಂದು ಪಾಂತೆಯೊನ್ ಹಾರ್ದಿನ್ ಸ್ಮಶಾನದಲ್ಲಿ ಮಣ್ಣು ಮಾಡಿದರು. ಜನ ಗೋರಿಗಳ ಮೇಲೆಲ್ಲ ಹತ್ತಿ ನಿಂತರು. ತಳ್ಳಾಟದಲ್ಲಿ ಗಾಯಗಳಾದವು. ಮೆರವಣಿಗೆಗೆ ಕಾವಲಾಗಿ ಬಂದದ್ದು ಟ್ರಾಫಿಕ್ ಪೊಲೀಸರ ಮೋಟರ್ ಸೈಕಲ್ ಪಡೆ. ಸಿನಿಮಾದಲ್ಲಿ ಅವನು ಯಾರ ಸಮವಸ್ತ್ರ ಹಾಕಿದ್ದನೋ ಅವರೇ.

ಕಾನೂನಿನ ಪ್ರಕಾರ ವಿಧವೆ ಮರಿಯಾ ಲೂಯಿಸಾ. ಆರು ದಿನದ ಹಿಂದೆ ಗೆದ್ದ ಮೊಕದ್ದಮೆ ಅವಳಿಗೆ ತಂದುಕೊಟ್ಟದ್ದು ಇಷ್ಟು. ಇರ್ಮಾ ಮಗಳನ್ನು ಬೆಳೆಸಿದಳು, ಸಿನಿಮಾ, ಹಾಡು ಮುಂದುವರಿಸಿದಳು. ಲುಪಿತಾಳ ಮಗ ಅಪ್ಪನ ಹೆಸರಿಟ್ಟುಕೊಂಡೇ ಹಾಡಲು ಬಂದ.

ಆ ಬೇಸಿಗೆಯಲ್ಲಿ ಬರ್ಲಿನ್ ಚಿತ್ರೋತ್ಸವದಲ್ಲಿ ಮರಿಯಾ ಫೆಲಿಕ್ಸ್ ಜೊತೆ ನಟಿಸಿದ್ದ 'ತಿಸೊಕ್' ತೋರಿಸಿದರು. ಅತ್ಯುತ್ತಮ ನಟನ ಬೆಳ್ಳಿ ಕರಡಿ ಪೆದ್ರೊಗೆ ಬಂತು. ಮೂಲನಿವಾಸಿಯ ಪಾತ್ರ ಅದು. ಇವತ್ತು ನೋಡಿದರೆ ಆ ಮುಗ್ಧತೆ ಸ್ವಲ್ಪ ಕೃತಕ ಅನ್ನಿಸುತ್ತದೆ. ಅವನ ಅತ್ಯುತ್ತಮ ನಟನೆ ಅದಂತೂ ಅಲ್ಲ. ಬಡಗಿ ಪೆಪೆಗೆ ಕೊಟ್ಟಿದ್ದರೆ ನಾನು ಎದ್ದು ನಿಂತು ಚಪ್ಪಾಳೆ ಹೊಡೆಯುತ್ತಿದ್ದೆ.

ಪ್ರತಿವರ್ಷ ಏಪ್ರಿಲ್ 15ರಂದು ಜನ ಇಂದಿಗೂ ಪಾಂತೆಯೊನ್ ಹಾರ್ದಿನ್‌ಗೆ ಹೋಗುತ್ತಾರೆ. ಮರಿಯಾಚಿ ಮೇಳದವರು ಬರುತ್ತಾರೆ. ಅಗಲ ಟೋಪಿ ಹಾಕಿ ಪೆದ್ರೊ ವೇಷದಲ್ಲಿ ಒಬ್ಬ, ಮೋಟರ್ ಸೈಕಲ್ ಪೊಲೀಸ್ ವೇಷದಲ್ಲಿ ಇನ್ನೊಬ್ಬ. 'ಅಮೊರ್ಸಿತೊ ಕೊರಾಸೊನ್' ಶುರುವಾದರೆ ಸಿಳ್ಳೆ ಎಲ್ಲಿ ಬರುತ್ತದೆ ಅಂತ ಅಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ.